ಮುಖವಾಡದ ವೀರರನ್ನು ಓದುವ ಬಗೆ

ಚಿತ್ರಕಥೆಯನ್ನು ಓದುವುದಕ್ಕೆ ಯಾವ ಸಿದ್ಧತೆಯೂ ಬೇಕಿಲ್ಲವೆಂಬುದು ಹಿರಿಯರ ಗಟ್ಟಿಯಾದ ನಂಬಿಕೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಾಟಿಗದ್ದೆಯಿಂದ ಮರಳಿ, ಕಂಬಳಿ ಹೊದ್ದು ಕುಳಿತ ಕೊಡಗಿನ ಗೃಹಸ್ಥನೊಬ್ಬನು, ಬೆಂಗಳೂರಿನಲ್ಲಿ ಓದುತ್ತಿರುವ ಮಗನು ತಂದಿಟ್ಟ ದಪ್ಪ ಚಿತ್ರಪುಸ್ತಕವೊಂದನ್ನು ಕೈಗೆತ್ತಿಕೊಂಡನೆನ್ನಿ. ನಾಲ್ಕು ಪುಟ ತಿರುವುವಷ್ಟರಲ್ಲಿ, ಯಾರು ಯಾರೆಂಬುದೇ ತಿಳಿಯದೆ ಅದನ್ನು ಮುಚ್ಚಿಡುತ್ತಾನೆ. ಪುಸ್ತಕದ ಮೇಲೆ ಅಪವಾದ ಬರುತ್ತದೆ. ಮಗನ ಅಭಿರುಚಿಯ ಮೇಲೂ ಒಂದು ಮಾತು ಬೀಳುತ್ತದೆ. ತೊಡಕು ಇರುವುದು ಪುಸ್ತಕದಲ್ಲಲ್ಲ, ಓದುಗನ ಬುದ್ಧಿಯಲ್ಲಿಯೂ ಅಲ್ಲ. ಬಾಲ್ಯದಲ್ಲಿ ರೂಢಿಯಾದ ಓಟದ ಓದಿನಲ್ಲಿ.

ಆ ಓದನ್ನು ಕಲಿಸಿದವನು ಬಹುಮಟ್ಟಿಗೆ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಆರಂಭಿಸಿದ ಈ ಕಥೆಯನ್ನು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು 1964ರಿಂದ ಇಂದ್ರಜಾಲ ಕಾಮಿಕ್ಸ್ ಮಾಲೆಯಲ್ಲಿ ಪ್ರಕಟಿಸಿತು. ಬಳಿಕ ಕನ್ನಡದಲ್ಲಿಯೂ ಅದು ಬಂದಿತು. 1990ರಲ್ಲಿ ಮಾಲೆ ನಿಂತಿತು. ಫ್ಯಾಂಟಮನು ಸಾವಿಲ್ಲದವನೆಂದು ಕಾಡಿನ ಜನ ನಂಬುತ್ತಾರೆ. ನಿಜದಲ್ಲಿ ತಂದೆಯ ತರುವಾಯ ಮಗನು ಅದೇ ಉಡುಪನ್ನು ತೊಟ್ಟು, ಅದೇ ಪ್ರತಿಜ್ಞೆಯನ್ನು ಸ್ವೀಕರಿಸುತ್ತ ಬಂದ ಇಪ್ಪತ್ತೊಂದು ತಲೆಗಳ ವಂಶ ಅದು. ಐನ್‌ಮನೆಯ ಕೈಮಡದಲ್ಲಿ ಗುರುಕಾರೋಣನಿಗೆ ಎಡೆಯಿಡುವುದನ್ನು ಕಂಡು ಬೆಳೆದ ಹುಡುಗನಿಗೆ ಇದರಲ್ಲಿ ಸೋಜಿಗವೇನೂ ತೋರಲಾರದು. ಆದರೆ ಫ್ಯಾಂಟಮನ ಕಥೆಯಲ್ಲಿ ನಾಯಕನನ್ನು ಅನುಮಾನಿಸುವ ಪ್ರಸಂಗವೇ ಬಾರದು. ಮುಖವಾಡ ತೊಟ್ಟವನು ಸಜ್ಜನ, ಅವನ ಏಟು ತಿಂದವನು ದುರ್ಜನ. ಇಷ್ಟು ತಿಳಿದರೆ ಮಾತುಗಳನ್ನಷ್ಟೇ ಓದಿ, ಚಿತ್ರಗಳ ಮೇಲೆ ಕಣ್ಣು ಜಾರಿಸಿ, ಅರ್ಧ ಗಂಟೆಯಲ್ಲಿ ಪುಸ್ತಕ ಮುಗಿಸಬಹುದು.

ಈ ನಂಬಿಕೆಯನ್ನೇ ಬುಡಮೇಲು ಮಾಡಿದ ಕೃತಿ 'ವಾಚ್‌ಮೆನ್'. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಇದು 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರಬಂದಿತು. ಧಾರಾವಾಹಿಗೆ ಒಗ್ಗಿದ ವಾಚಕನು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಅರ್ಧ ಕಷ್ಟ ಕಳೆಯಿತು. ಇಂದು ಒಂದೇ ಸಂಪುಟವಾಗಿ ದೊರೆಯುವುದರಿಂದ ಜನರು ಒಂದೇ ರಾತ್ರಿಯಲ್ಲಿ ನುಂಗಲು ಹವಣಿಸಿ ಅಜೀರ್ಣ ಮಾಡಿಕೊಳ್ಳುತ್ತಾರೆ. ಕಂತಿಗಾಗಿ ಕಾಯುತ್ತ, ನಡುವಿನ ದಿನಗಳಲ್ಲಿ ಮನಸ್ಸಿನಲ್ಲೇ ಮೆಲುಕು ಹಾಕುವವರಿಗೆಂದು ಕಟ್ಟಿದ ಕಥೆ ಅದು. ದಿನಕ್ಕೊಂದು ಅಧ್ಯಾಯ ಸಾಕು. ಕೊನೆಯದೊಂದನ್ನು ಬಿಟ್ಟು ಪ್ರತಿ ಅಧ್ಯಾಯದ ಕೊನೆಗೆ ಒಬ್ಬನ ಆತ್ಮಚರಿತ್ರೆಯ ಪುಟಗಳು, ಪತ್ರಗಳು, ವರದಿಗಳು ಮೊದಲಾದ ಗದ್ಯಭಾಗವಿದೆ. ಚಿತ್ರವಿಲ್ಲವೆಂದು ಅದನ್ನು ಹಾರಿಸಿದವನು ಮುಂದಿನ ಅಧ್ಯಾಯದಲ್ಲಿ ದಾರಿ ತಪ್ಪುವುದು ಖಂಡಿತ.

ಪಾತ್ರಗಳ ಗೊಂದಲವೂ ದೊಡ್ಡದು. 1940ರ ಸುಮಾರಿನಲ್ಲಿ ವೇಷ ತೊಟ್ಟು ಕಳ್ಳರನ್ನು ಹಿಡಿಯಹೊರಟ ಮೊದಲ ತಲೆಮಾರು ಒಂದು. ಅವರ ಬಿರುದುಗಳನ್ನೇ ಹೊತ್ತ ಎರಡನೆಯ ತಲೆಮಾರು ಇನ್ನೊಂದು. ನೈಟ್ ಔಲ್ ಎಂಬವರು ಇಬ್ಬರು, ಸಿಲ್ಕ್ ಸ್ಪೆಕ್ಟರ್ ಎಂಬುವರು ತಾಯಿ ಮತ್ತು ಮಗಳು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನ ಓದುಗನು ಇಷ್ಟಕ್ಕೆ ಕಂಗೆಡಬೇಕೇ? ಮದುವೆಮನೆಯಲ್ಲಿ ಅಪರಿಚಿತನು ಎದುರಾದಾಗ ಮೊದಲು ಮನೆತನ, ಆಮೇಲೆ ಹೆಸರು, ಬಳಿಕ ಯಾರ ಮಗನೆಂದು ವಿಚಾರಿಸುವ ಕೊಡಗಿನ ಪದ್ಧತಿಯೇ ಇಲ್ಲಿಯೂ ಸಾಕು. ಒಂದು ಹಾಳೆಯಲ್ಲಿ ಎರಡು ಸಾಲು ಬರೆದಿಟ್ಟುಕೊಂಡು ಓದಬಹುದು, ನಾಚಿಕೆಪಡಬೇಕಾದದ್ದೇನೂ ಇಲ್ಲ.

ಇನ್ನು ಚಿತ್ರಗಳು. ಹೆಚ್ಚಿನ ಪುಟಗಳು ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಚೌಕಗಳ ಲೆಕ್ಕದ ಮೇಲೆ ನಿಂತಿವೆ. ಈ ಸಮತಾಳವು ನೀರಸವೆಂದು ಮೊದಲು ತೋರುತ್ತದೆ. ದುಡಿ ಹಿಡಿದು ಕುಳಿತ ನಾಲ್ವರಲ್ಲಿ ಇಬ್ಬರು ಹಾಡಿದ ಸಾಲನ್ನು ಮತ್ತಿಬ್ಬರು ಮರಳಿ ಹಾಡುವ ಕೊಡವ ಹಾಡುಗಾರಿಕೆಯನ್ನು ಕೇಳಿದವರು ಬಲ್ಲರು: ತಾಳ ಬದಲಾಗದಿರುವುದರಿಂದಲೇ ಮಾತಿನ ಸಣ್ಣ ಬದಲಾವಣೆ ಕಿವಿಗೆ ತಾಕುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ'ಯಲ್ಲಿ ಅಚ್ಚು ಹಾಕಿಸಿದ ಹಾಡುಗಳನ್ನು ಪುಸ್ತಕದಲ್ಲಿ ಅವಸರವಾಗಿ ಓದಿದವರಿಗೆ ಪುನರುಕ್ತಿ ಬೇಸರ ತರಬಹುದು, ಕೇಳಿದವರಿಗೆ ತರುವುದಿಲ್ಲ. ವಾಚ್‌ಮೆನ್ ಕೃತಿಯಲ್ಲಿಯೂ ರಕ್ತದ ಕಲೆ ಬಿದ್ದ ನಗುಮೊಗದ ಬಿಲ್ಲೆ, ಗಡಿಯಾರ, ಹಳೆಯ ಛಾಯಾಚಿತ್ರ ಇವು ಮರಳಿ ಮರಳಿ ಬರುತ್ತವೆ. ಐದನೆಯ ಅಧ್ಯಾಯವಂತೂ ನಡುವಿನ ಪುಟಗಳಲ್ಲಿ ಕನ್ನಡಿಯಿಟ್ಟಂತೆ ರಚಿತವಾಗಿದೆ. ಮೊದಲ ಪುಟದ ವಿನ್ಯಾಸ ಕೊನೆಯ ಪುಟದಲ್ಲಿ, ಎರಡನೆಯದರ ವಿನ್ಯಾಸ ಅದರ ಹಿಂದಿನ ಪುಟದಲ್ಲಿ ಪ್ರತಿಫಲಿಸುತ್ತದೆ. ಮೊದಲ ಓದಿನಲ್ಲಿ ಇದು ಕಾಣದಿದ್ದರೆ ನಷ್ಟವಿಲ್ಲ. ಎರಡನೆಯ ಓದಿಗೆ ಮಾತುಗಳನ್ನು ಬಿಟ್ಟು ಚಿತ್ರಗಳನ್ನು ಮಾತ್ರ ನೋಡುತ್ತ ಹೋಗಬೇಕು.

ಹೆಚ್ಚು ಜನ ಎಡವುವುದು ನಾಲ್ಕನೆಯ ಅಧ್ಯಾಯದಲ್ಲಿ. ಡಾಕ್ಟರ್ ಮ್ಯಾನ್‌ಹಟನ್ ಎಂಬ ನೀಲಿ ಮೈಯ ಅತಿಮಾನವನು ಮಂಗಳ ಗ್ರಹದ ಮೇಲೆ ಒಂಟಿಯಾಗಿ ಕುಳಿತು ತನ್ನ ಬಾಳನ್ನು ನೆನೆಯುತ್ತಾನೆ; ನೆನೆಯುತ್ತಾನೆಂಬುದೂ ಸರಿಯಲ್ಲ, ಅವನಿಗೆ ಭೂತ ಭವಿಷ್ಯಗಳೆಲ್ಲ ಏಕಕಾಲದಲ್ಲಿ ನಡೆಯುತ್ತಿವೆ. 1945, 1959, 1985 ಒಂದೇ ಪುಟದಲ್ಲಿ ಬೆರೆಯುತ್ತವೆ. ಇಸವಿಗಳನ್ನು ಕ್ರಮಕ್ಕೆ ತರಲು ಹೆಣಗದೆ ಒಂದು ದೃಶ್ಯವನ್ನು ಗಟ್ಟಿಯಾಗಿ ಹಿಡಿದರೆ ಉಳಿದುದು ತಾನಾಗಿ ಕೂಡಿಕೊಳ್ಳುತ್ತದೆ. ಗಡಿಯಾರ ರಿಪೇರಿ ಮಾಡುವ ತಂದೆ ಹಿರೋಷಿಮಾದ ಸುದ್ದಿ ಓದಿದೊಡನೆ, ಮಗನು ಬಿಡಿಸಿ ಇಟ್ಟಿದ್ದ ಗಡಿಯಾರದ ಚಕ್ರಗಳನ್ನು ಮಹಡಿಯಿಂದ ಬೀದಿಗೆ ಎಸೆದುಬಿಡುತ್ತಾನೆ. ಇನ್ನು ಮುಂದೆ ಅಣುವಿಜ್ಞಾನವೇ ವಿದ್ಯೆ, ಈ ಕಸುಬಿಗೆ ಬೆಲೆಯಿಲ್ಲ ಎನ್ನುತ್ತಾನೆ. ಒಂದು ತಂದೆಯ ಗಾಬರಿಯಿಂದ ಒಬ್ಬ ಅತಿಮಾನವನು ಹುಟ್ಟಿದ ಕಥೆ ಇದು. ಇಡೀ ಸಂಪುಟದಲ್ಲಿ ಇದಕ್ಕಿಂತ ಮನಸ್ಸಿಗೆ ನಾಟುವ ಅಧ್ಯಾಯವಿಲ್ಲವೆನ್ನಬೇಕು. ಪತ್ರಿಕೆಯ ಅಂಗಡಿಯ ಬಳಿ ಹುಡುಗನೊಬ್ಬನು ಓದುತ್ತಿರುವ ಕಡಲ್ಗಳ್ಳರ ಉಪಕಥೆಯು ಅಷ್ಟೇ ಸತ್ತ್ವವುಳ್ಳದ್ದಲ್ಲ. ಕೆಲವೆಡೆ ಅದು ಉದ್ದವಾಯಿತು.

ಇಷ್ಟೆಲ್ಲ ಶ್ರಮ ಯಾವ ಫಲಕ್ಕೆ? ಈ ಕಥೆಯ ಅಮೆರಿಕದಲ್ಲಿ ಮ್ಯಾನ್‌ಹಟನ್ ಸರ್ಕಾರದ ಪರವಾಗಿ ವಿಯೆಟ್ನಾಮ್ ಯುದ್ಧವನ್ನು ಗೆದ್ದುಕೊಡುತ್ತಾನೆ. ನಿಕ್ಸನ್ 1985ರಲ್ಲಿಯೂ ಅಧ್ಯಕ್ಷನಾಗಿಯೇ ಉಳಿದಿದ್ದಾನೆ. ಮುಖವಾಡದವರನ್ನು ನಿಷೇಧಿಸಿ 1977ರಲ್ಲಿ ಕಾಯಿದೆಯಾದರೂ, ರೋರ್ಶಾಕ್ ಎಂಬವನು ಅದನ್ನು ಲೆಕ್ಕಿಸದೆ ಜನರ ಬೆರಳು ಮುರಿದು ಸತ್ಯ ಹೊರಡಿಸುತ್ತ ತಿರುಗುತ್ತಾನೆ. ಅವನ ಛಲಕ್ಕೆ ಓದುಗನು ಮಾರುಹೋಗುವುದೂ ಉಂಟು. ಅಲ್ಲಿಯೇ ಎಚ್ಚರ ಬೇಕು. ಬಲವುಳ್ಳವನಿಗೆ ಅಪ್ಪಣೆ ಕೊಟ್ಟವರು ಯಾರು, ಅವನನ್ನು ತಡೆಯಬಲ್ಲವರು ಯಾರು ಎಂಬುದು ಪ್ರತಿ ಚೌಕದಲ್ಲಿಯೂ ಅಡಗಿರುವ ಪ್ರಶ್ನೆ.

ಸೇನೆಗೆ ಇಷ್ಟೊಂದು ಮಕ್ಕಳನ್ನು ಕಳುಹಿಸಿದ ಕೊಡಗಿಗೆ ಇದು ಹೊರಗಿನ ಪ್ರಶ್ನೆಯಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯನವರು 1953-54ರಲ್ಲಿ ಕೊರಿಯದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧ ಕೈದಿಗಳ ಭವಿಷ್ಯ ಆ ಆಯೋಗದ ಕೈಯಲ್ಲಿತ್ತು. ಅವರ ಮೇಲೆ ಬಲಪ್ರಯೋಗ ಕೂಡದೆಂಬ ಕಟ್ಟುಪಾಡಿಗೆ ಅದು ಒಳಪಟ್ಟಿತ್ತು. 1965ರಲ್ಲಿ ಅವರು ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಸಮವಸ್ತ್ರಗಳನ್ನು ನೋಡಿ ಬಂದು ಅದೇ ದಿನ ವಾಚ್‌ಮೆನ್ ತೆರೆದವನಿಗೆ, ಸಮವಸ್ತ್ರಕ್ಕೂ ವೇಷಕ್ಕೂ ಇರುವ ಅಂತರ ಬೇರೆ ವ್ಯಾಖ್ಯಾನವಿಲ್ಲದೆ ತಿಳಿದೀತು.

ಇದು ಮಕ್ಕಳ ಪುಸ್ತಕವಲ್ಲವೆಂಬುದನ್ನು ಹೇಳಲೇಬೇಕು. ಕೊಲೆಯೂ, ಹೆಣ್ಣಿನ ಮೇಲಿನ ದೌರ್ಜನ್ಯವೂ ಮರೆಯಿಲ್ಲದೆ ಬಂದಿವೆ; ಕಾಲೇಜು ಸೇರಿದ ಮಗನಿಗಿರಲಿ, ಅವನ ತಮ್ಮನಿಗೆ ಬೇಡ. ಕೊನೆಯಲ್ಲಿ ಆಗುವುದೇನೆಂದು ಮೊದಲೇ ಕೇಳಿ ತಿಳಿಯುವುದೂ ಬೇಡ. ಹನ್ನೊಂದನೆಯ ಅಧ್ಯಾಯ ಮುಗಿದ ರಾತ್ರಿ ಪುಸ್ತಕವನ್ನು ಮುಚ್ಚಿಟ್ಟು, ಹನ್ನೆರಡನೆಯದನ್ನು ಹಗಲಿನಲ್ಲಿ, ಮನೆಯಲ್ಲಿ ಅದನ್ನು ಓದಿದ ಇನ್ನೊಬ್ಬರು ಇರುವಾಗ ಓದುವುದು ಲೇಸು. ಮುಗಿದ ಮೇಲೆ ವಾದಿಸಲು ಜೊತೆ ಬೇಕಾಗುತ್ತದೆ.