ಒಂದು ಕವಾಟ ಹೊಸದು, ಒಂದು ರಿಪೇರಿ

ಮಕ್ಕಳೇ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ನಮ್ಮ ಪಾಮನಕಲ್ಲೂರಿನ ಕಟ್ಟೆಯ ಮೇಲೆ ವಾರವಿಡೀ ಅದೇ ಮಾತು. ಇರುವ 33 ಗೇಟುಗಳಲ್ಲಿ 32 ತಮ್ಮ ಜಾಗದಲ್ಲೇ ನಿಂತಿದ್ದವು. ಆ ಒಂದನ್ನು ಹಿಡಿದಿದ್ದ ಚೈನು ತುಂಡಾಯಿತು, ಅಷ್ಟೇ.

ಅಂಥ ಚೈನು ನಮ್ಮ ಎದೆಯೊಳಗೂ ಇದೆ ಎಂದು ನನಗೆ ತಿಳಿದದ್ದು ನಮ್ಮ ಅಕ್ಕನ ಕಾಯಿಲೆಯಿಂದ. ಅಕ್ಕನಿಗೆ 68 ವರ್ಷ. ದಿನವಿಡೀ ಹತ್ತಿ ಬಿಡಿಸುತ್ತಿದ್ದವಳಿಗೆ ಎರಡು ಸಾಲು ದಾಟುವಷ್ಟರಲ್ಲಿ ಏದುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುವಳು. ‘ವಯಸ್ಸಾತಲ್ಲ, ಇನ್ನೇನು’ ಎಂದು ಅವಳೇ ತಳ್ಳಿಹಾಕಿದ್ದಳು. ಅಜ್ಜ-ಅಜ್ಜಿಯರೇ, ಈ ಮಾತು ನೀವೂ ಆಡುತ್ತೀರಿ ಎಂದು ನನಗೆ ಗೊತ್ತು. ಏದುಸಿರಿಗೆ ವಯಸ್ಸೊಂದೇ ಕಾರಣವಲ್ಲ. ಎಕೋ ಮಾಡಿಸಿದಾಗ ಅಕ್ಕನ ಹೃದಯದ ನಾಲ್ಕು ಕವಾಟಗಳಲ್ಲಿ ಎರಡು ಕೆಟ್ಟಿದ್ದವು.

ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಮೊದಲು ಎಡಗಡೆಯ ಮೇಲಿನ ಕೋಣೆಗೆ ಬರುತ್ತದೆ. ಅಲ್ಲಿಂದ ಮೈಟ್ರಲ್ ಕವಾಟ ದಾಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಳಗಿನ ಕೋಣೆ ಹಿಂಡಿದಾಗ ಮೈಟ್ರಲ್ ಮುಚ್ಚಬೇಕು, ಅಯೋರ್ಟಿಕ್ ಕವಾಟ ತೆರೆಯಬೇಕು. ಆಗ ರಕ್ತ ಮೈಗೆಲ್ಲ ಹೋಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಕೆಲಸ ನಡೆಯಬೇಕು. ಮೈಟ್ರಲ್‌ಗೆ ಎರಡು ರೆಕ್ಕೆ, ನಮ್ಮ ಪಡಸಾಲೆಯ ಜೋಡಿ ಬಾಗಿಲಿನಂತೆ. ಆ ರೆಕ್ಕೆಗಳು ಹಿಂದಕ್ಕೆ ಮಗುಚದಂತೆ ಕೆಳಗಿನಿಂದ ಸಣ್ಣ ಸಣ್ಣ ಹುರಿಗಳು ಎಳೆದು ಹಿಡಿದಿರುತ್ತವೆ.

ಅಕ್ಕನ ಅಯೋರ್ಟಿಕ್ ಕವಾಟಕ್ಕೆ ಸುಣ್ಣ ಕಟ್ಟಿ ಕಲ್ಲಿನಂತಾಗಿತ್ತು, ತೆರೆಯುತ್ತಿರಲಿಲ್ಲ. ಮೈಟ್ರಲ್‌ನ ಒಂದು ಹುರಿ ಹರಿದಿತ್ತು, ಮುಚ್ಚುತ್ತಿರಲಿಲ್ಲ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಚಿಮ್ಮಿ ಶ್ವಾಸಕೋಶದ ಕಡೆ ಒತ್ತುತ್ತಿತ್ತು.

ಏಳನೇ ತರಗತಿಯ ನನ್ನ ಮೊಮ್ಮಗಳು ಕೇಳಿದಳು: ‘ತಾತ, ಎರಡೂ ಹೊಸವೇ ಹಾಕಿದ್ರ ಆಗಂಗಿಲ್ಲೇನು?’ ನಾನು ಅದನ್ನೇ ಡಾಕ್ಟರಿಗೆ ಕೇಳಿದೆ. ಕಲ್ಲಾದದ್ದನ್ನು ಬದಲಿಸಲೇಬೇಕು ಎಂದರು. ಮೈಟ್ರಲ್‌ನ ರೆಕ್ಕೆಗಳು ಇನ್ನೂ ಚೆನ್ನಾಗಿವೆ. ಅದರ ಹುರಿಗಳು ಹೃದಯದ ಗೋಡೆಗೂ ಆಸರೆ, ಹಾಗಾಗಿ ಸ್ವಂತದ್ದು ಉಳಿದರೆ ಹೃದಯಕ್ಕೆ ಬಲ. ಇನ್ನು ಮುಟ್ಟದೆ ಬಿಡುವ ದಾರಿಯೂ ಉಂಟು. ಕೆಲವರಲ್ಲಿ ಮೈಟ್ರಲ್ ಸೋರುವುದು ಅಯೋರ್ಟಿಕ್ ಕಟ್ಟಿಕೊಂಡ ಒತ್ತಡಕ್ಕೇ. ಅಂಥವರಲ್ಲಿ ಹೊಸ ಅಯೋರ್ಟಿಕ್ ಹಾಕಿದ ಮೇಲೆ ಸೋರಿಕೆ ತಾನಾಗಿ ಇಳಿಯಬಹುದು. ಆದರೆ ಹರಿದ ಹುರಿ ತಾನಾಗಿ ಕೂಡುವುದಿಲ್ಲ. ಹಾಗೆಂದು ಎರಡೂ ಕೆಲಸ ಮಾಡಿದರೆ ಹೃದಯವನ್ನು ಹೆಚ್ಚು ಹೊತ್ತು ನಿಲ್ಲಿಸಬೇಕು, ಈ ವಯಸ್ಸಿಗೆ ಅಪಾಯವೂ ಹೆಚ್ಚು. ಸಹಿ ಹಾಕುವಾಗ ಅಕ್ಕನ ಮಗನ ಕೈ ನಡುಗಿತು. ‘ಎದಿ ಒಮ್ಮೆ ತೆಗೆದ ಮ್ಯಾಲ ಎರಡೂ ಮಾಡ್ಲಿ ಬಿಡಪಾ’ ಎಂದವಳು ಅಕ್ಕ.

ಅಣೆಕಟ್ಟೆಯಲ್ಲಿ ಎಂಜಿನಿಯರುಗಳು ಹರಿಯುವ ನೀರಿನಲ್ಲೇ ಅಡ್ಡ ಗೇಟು ಇಳಿಸಿದರು. ಹೃದಯದಲ್ಲಿ ಹಾಗಲ್ಲ. ರಕ್ತವನ್ನು ಹೊರಗಿನ ಯಂತ್ರಕ್ಕೆ ತಿರುಗಿಸುತ್ತಾರೆ. ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಅದೇ ಮಾಡುತ್ತದೆ. ಆಮೇಲೆ ಪೊಟ್ಯಾಸಿಯಂ ಬೆರೆಸಿದ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ. ಹರಿದ ಹುರಿಯ ಜಾಗಕ್ಕೆ ಕೃತಕ ದಾರ ಕಟ್ಟಿ, ಅಗಲವಾದ ಬಾಗಿಲ ಸುತ್ತ ಒಂದು ಉಂಗುರ ಹೊಲಿದರು. ಬಾಗಿಲಿಗೆ ಹೊಸ ಚೌಕಟ್ಟು ಕೂರಿಸಿದಂತೆ ಎನ್ನಿ. ಆಮೇಲಿನದು ನನಗೆ ಬಹಳ ಹಿಡಿಸಿತು. ಕೆಳಗಿನ ಕೋಣೆಗೆ ಉಪ್ಪುನೀರು ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುತ್ತಾರೆ! ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುವುದಿಲ್ಲವೇ, ಅದೇ ಬುದ್ಧಿ. ಅಯೋರ್ಟಿಕ್ ಬದಲಿಸಿ ಹೃದಯ ಮತ್ತೆ ಬಡಿಯತೊಡಗಿದ ಮೇಲೆ ಅನ್ನನಾಳಕ್ಕೆ ಇಳಿಸಿದ ಎಕೋ ನಳಿಕೆಯಿಂದ ಇನ್ನೊಮ್ಮೆ ನೋಡಿದರು. ಸೋರಿಕೆ ನಿಂತಿತ್ತು.

ಹೊಸ ಕವಾಟಗಳಲ್ಲಿ ಎರಡು ಬಗೆ. ಲೋಹದ್ದು ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಪ್ರಾಣಿಯ ಅಂಗಾಂಶದ್ದಕ್ಕೆ ಆ ಕಟ್ಟು ಇಲ್ಲ, ಆದರೆ ವರ್ಷಗಳು ಕಳೆದಂತೆ ಸವೆಯುತ್ತದೆ. ಅಕ್ಕನಿಗೆ ಅಂಗಾಂಶದ್ದು ಹಾಕಿದರು. ಲೋಹದ ಕವಾಟವನ್ನು ನಮ್ಮ ದೇಶದಲ್ಲೇ ಮಾಡಿದ ಕಥೆ ಗೊತ್ತೇ? ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಮಾಡಿದ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು.

ಶಾಲೆಗೆ ಹೋಗುವವರಿಗೂ ಕವಾಟದ ಕಾಯಿಲೆ ಬರುತ್ತದೆ, ಗಂಟಲಿನ ದಾರಿಯಿಂದ. ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಔಷಧಿ ಮಾಡದೆ ಬಿಟ್ಟರೆ ಕೆಲವು ಮಕ್ಕಳಿಗೆ ಜ್ವರ, ಕೀಲು ನೋವು ಬಂದು ಕವಾಟ ಕೆಡುತ್ತದೆ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಹಾಗಾದವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ಅದೂ ವರ್ಷಗಟ್ಟಲೆ. ಗಂಟಲು ನೋವಿದ್ದರೆ ಮನೆಯಲ್ಲಿ ಹೇಳಿ.

ಡಾಕ್ಟರು ಅಕ್ಕನಿಗೆ ಒಂದು ಚೀಟಿ ಕೊಟ್ಟಿದ್ದಾರೆ. ಹಲ್ಲು ಕೀಳಿಸುವ ಮೊದಲು ಕವಾಟದ ಆಪರೇಷನ್ ಆಗಿದೆ ಎಂದು ತಿಳಿಸಿ, ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಬಾಯಿಯ ಸೋಂಕು ಕವಾಟಕ್ಕೆ ಹತ್ತಬಹುದು. ಚೀಟಿ ಕಾಯುವ ಕೆಲಸ ಮೊಮ್ಮಗಳದು. ದೊಡ್ಡಜ್ಜಿಯ ಬಾಯಲ್ಲಿ ಉಳಿದಿರುವುದು ಒಂಬತ್ತೇ ಹಲ್ಲು, ಅವಳು ಎಣಿಸಿಟ್ಟಿದ್ದಾಳೆ.