ಕರಿ ಗಾಜಿನ ಗತ್ತು

ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ಹಾವೇರಿಯಿಂದ ಕರ್ಜಗಿಗೆ ಬರ್ತಿದ್ದೆ. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲೆ ಆಗಿರಲಿಲ್ಲ. ಊರು ಹತ್ತಿರ ಬಂದಾಗ ಎಡಗಡೆ ಹೊಲದ ದಾರಿಗೆ ಕಾರು ತಿರುಗಿಸಿದೆ ನೋಡಿ.. ಆ ಕಡೆಯಿಂದ ಕಣಿಕಿ ಹೇರಿಕೊಂಡು ಒಂದು ಚಕ್ಕಡಿ ಬರ್ತಾ ಇತ್ತು. ನನಗೆ ಕಾಣಿಸಲೇ ಇಲ್ಲ. ಬ್ರೇಕ್ ಒತ್ತಿ ನಿಂತಾಗ ಎತ್ತಿನ ಕೊಂಬಿಗೂ ನನ್ನ ಬಾನೆಟ್ಟಿಗೂ ಒಂದು ಗೇಣು ಅಂತರ!

ಚಕ್ಕಡಿ ಹೊಡೀತಿದ್ದವರು ನಮ್ಮ ಓಣಿಯ ಕಾಕಾನೇ. ಬೈತಾರೆ ಅಂದ್ಕೊಂಡು ಇಳಿದೆ. ಬೈಯಲಿಲ್ಲ. "ಅಲ್ಲೋ ತಮ್ಮಾ, ನೀ ನನ್ನ ನೋಡಿದಿ ಅಂತ ತಿಳಕೊಂಡು ಎತ್ತು ಬಿಟ್ಟೆ. ಒಳಗ ಯಾರ ಕುಂತಾರ, ಯಾವ ಕಡೆ ನೋಡಾಕತ್ತಾರ ಒಂದೂ ಕಾಣವಲ್ದು ನಿನ್ನ ಗಾಡ್ಯಾಗ" ಅಂದರು.

ಕಾರು ಸೆಕೆಂಡ್ ಹ್ಯಾಂಡ್. ಪಕ್ಕದ ಗಾಜುಗಳಿಗೆ ಹಳೇ ಮಾಲೀಕರು ಗಾಢವಾದ ಕಪ್ಪು ಫಿಲ್ಮ್ ಹಚ್ಚಿಸಿದ್ದರು. ಅದು ಕಾನೂನಿಗೆ ವಿರುದ್ಧ ಅಂತ ನನಗೆ ಗೊತ್ತಿತ್ತು. ಆದರೂ ತೆಗೆಸಿರಲಿಲ್ಲ. ಯಾರಾದರೂ ಕೇಳಿದರೆ "ನಮ್ಮ ಕಡೆ ಬಿಸಿಲು ನೋಡ್ರಿ" ಅಂತಿದ್ದೆ. ನಿಜ ಹೇಳಬೇಕೆಂದರೆ ಬಿಸಿಲಿಗಿಂತ ಗತ್ತು ಜಾಸ್ತಿ. ಊರಲ್ಲಿ ಕರಿ ಗಾಜಿನ ಗಾಡಿ ಬಂತೆಂದರೆ ಕಟ್ಟೆ ಮೇಲೆ ಕೂತವರು ಯಾರೋ ದೊಡ್ಡವರು ಅಂತ ಎದ್ದು ನಿಲ್ತಾರೆ. ಆ ಸುಖ ಬಿಡೋದು ಕಷ್ಟ :)

ಕಾನೂನು ಏನು ಹೇಳುತ್ತೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ನೂರಕ್ಕೆ ಕನಿಷ್ಠ 70ರಷ್ಟು ಬೆಳಕು ಬಿಡಬೇಕು, ಪಕ್ಕದ ಗಾಜುಗಳು ಕನಿಷ್ಠ 50ರಷ್ಟು. ಬಹಳ ವರ್ಷ ಯಾರೂ ಇದನ್ನ ಕೇಳಲಿಲ್ಲ. ಆಮೇಲೆ ಅವಿಷೇಕ್ ಗೋಯೆಂಕಾ ಅನ್ನುವವರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಷ್ಟೇ ಬೆಳಕು ಬಿಡುವಂಥದ್ದಾಗಲಿ, ಗಾಜಿನ ಮೇಲೆ ಫಿಲ್ಮ್ ಅಂಟಿಸುವಂತೆಯೇ ಇಲ್ಲ. ತಯಾರಾಗುವಾಗಲೇ ಆ ಮಿತಿಯೊಳಗೆ ಬಣ್ಣ ಬಂದ ಗಾಜಾದರೆ ಸರಿ. ಮೇ 4ರಿಂದ ಜಾರಿ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇದ್ದವರಿಗೆ ಮಾತ್ರ ವಿನಾಯಿತಿಗೆ ಅವಕಾಶ. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿಯ ಆ ಬಸ್ಸಿನ ಘಟನೆ ನಡೆಯಿತು. ಅದರ ಕಿಟಕಿಗಳಿಗೂ ಕಪ್ಪು ಫಿಲ್ಮ್, ಪರದೆ ಇತ್ತು.

ಹೀಗಾಗಿ ಈ ನಿಯಮ ಅಂದ ಕೂಡಲೇ ಎಲ್ಲರೂ ಮಾತಾಡೋದು ಕಳ್ಳರು, ಕಿಡ್ನ್ಯಾಪು, ಒಳಗೆ ಏನು ನಡೀತಿದೆ ಅನ್ನೋದರ ಬಗ್ಗೆ. "ನಾವೇನು ಕಳ್ಳರಾ?" ಅಂತ ನನ್ನಂಥವರು ಸುಮ್ಮನಾಗಿಬಿಡ್ತೀವಿ. ಆ ಚಕ್ಕಡಿ ಮುಂದೆ ನಿಂತಾಗ ನನಗೆ ಹೊಳೆದದ್ದು ಬೇರೆ. ನಮ್ಮ ರಸ್ತೆಗಳಲ್ಲಿ ಸಿಗ್ನಲ್ ಇಲ್ಲ, ಝೀಬ್ರಾ ಗೆರೆ ಇಲ್ಲ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೊತ್ತ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇರಲ್ಲ. ದಾಟುವ ಮುದುಕಿ, ಸೈಕಲ್ ಹುಡುಗ, ಚಕ್ಕಡಿ ಕಾಕಾ ಎಲ್ಲರೂ ಡ್ರೈವರ್ ಮುಖ ನೋಡ್ತಾರೆ. ಅವನು ನನ್ನ ನೋಡಿದ್ನಾ, ನಿಧಾನ ಮಾಡ್ತಾನಾ, ಕೈ ಮಾಡಿದ್ನಾ.. ಇಷ್ಟರ ಮೇಲೇ ನಮ್ಮ ಟ್ರಾಫಿಕ್ ನಡೆಯೋದು. ಕರಿ ಗಾಜು ಆ ಮಾತುಕತೆ ನಿಲ್ಲಿಸಿಬಿಡುತ್ತೆ. ಸಂಜೆಯಾದರೆ ಒಳಗಿದ್ದವನಿಗೂ ಹೊರಗಿನದು ಕಾಣಲ್ಲ.

ಇನ್ನೊಂದು ಲೆಕ್ಕ. ಅಂಗಡಿಯವರು "50 ಪರ್ಸೆಂಟ್ ಫಿಲ್ಮ್ ಸರ್, ಲೀಗಲ್" ಅಂತಾರೆ. ಕಂಪನಿಯ ಗಾಜೇ ನೂರಕ್ಕೆ 75ರಷ್ಟು ಬೆಳಕು ಬಿಡುತ್ತೆ ಅಂದುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಚ್ಚಿದರೆ ಒಳಗೆ ಬರೋದು 75ರಲ್ಲಿ ಅರ್ಧ, ಅಂದರೆ 37ರ ಆಸುಪಾಸು. 20ರ ಫಿಲ್ಮ್ ಆದರೆ ಬರೀ 15! 50ರ ಮಿತಿಯಲ್ಲಿ ಉಳಿಯಬೇಕಾದರೆ 70ರ ಫಿಲ್ಮ್ ಬೇಕು, ಅದು ಹಚ್ಚಿದ್ದೂ ಗೊತ್ತಾಗದಷ್ಟು ತಿಳಿ.

ಬಿಸಿಲಿನ ವಾದವೂ ಅಷ್ಟು ಗಟ್ಟಿ ಇಲ್ಲ. ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳದ್ದು. ಅದನ್ನ ತಡೆಯೋ ಫಿಲ್ಮ್ ಕಪ್ಪಗೇ ಇರಬೇಕು ಅಂತೇನಿಲ್ಲ. ಕಪ್ಪಗಿದ್ದದ್ದೆಲ್ಲ ಶಾಖವನ್ನ ಚೆನ್ನಾಗಿ ತಡೆಯುತ್ತೆ ಅಂತಲೂ ಇಲ್ಲ.

ಈಗ ಕಾನೂನೂ ಸ್ವಲ್ಪ ಬದಲಾಗಿದೆ. 2020ರಲ್ಲಿ 100ನೇ ನಿಯಮಕ್ಕೆ ತಿದ್ದುಪಡಿಯಾಗಿ, ಸೇಫ್ಟಿ ಗ್ಲಾಸ್ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಅನ್ನೋದೂ 2021ರ ಏಪ್ರಿಲ್ 1ರಿಂದ ಸೇರಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಅದರಲ್ಲಿ ಬರುತ್ತೆ. ಇದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70-50ರ ಮಿತಿಯಲ್ಲಿರುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಅಂದಿತು. ತೀರ್ಪು ಕೇರಳದ್ದು, ನಮ್ಮ ರಾಜ್ಯವನ್ನ ಕಟ್ಟಿಹಾಕಲ್ಲ. ಆದರೆ ಫಿಲ್ಮ್ ಮಾರುವವರಿಗೆ ಅದೊಂದು ಒಳ್ಳೇ ಜಾಹೀರಾತು.

ನನ್ನ ಅಭಿಪ್ರಾಯ ಕೇಳಿದರೆ 70-50ರ ಅಂಕಿ ತಪ್ಪಲ್ಲ. ಆದರೆ ಅಂಕಿ ಅಂದಮೇಲೆ ಅಳೀಬೇಕಲ್ಲ? ಗಾಜಿನ ಎರಡೂ ಬದಿಗೆ ಹಿಡಿದರೆ ಎಷ್ಟು ಬೆಳಕು ದಾಟುತ್ತೆ ಅಂತ ತೋರಿಸೋ ಮೀಟರುಗಳಿವೆ. ಅವು ರಸ್ತೆಯಲ್ಲಿ ತಪಾಸಣೆಗೆ ನಿಂತವರ ಕೈಗೆ ಬರುವ ತನಕ ಫಿಲ್ಮ್ ಬೇಡವೇ ಬೇಡ ಅನ್ನೋ 2012ರ ಗೆರೆಯೇ ಮೇಲು. ಕಣ್ಣಳತೆಯಲ್ಲಿ 50 ಯಾವುದು 37 ಯಾವುದು ಯಾರು ಹೇಳ್ತಾರೆ? ಆಗ ನಡೆಯೋದು ಗಾಜಿನ ಲೆಕ್ಕ ಅಲ್ಲ, ಒಳಗೆ ಕೂತವರ ಲೆಕ್ಕ. ಬಡಪಾಯಿ ಟ್ಯಾಕ್ಸಿಯವನ ಗಾಜು ಕೆರೆಸ್ತಾರೆ, ಬಾವುಟ ಕಟ್ಟಿದ ಕರಿ ಗಾಜಿನ ಗಾಡಿಗೆ ಸಲ್ಯೂಟು. ಇನ್ನು ದಂಡ.. ತೀರ್ಪು ಬಂದಾಗ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ 100 ರೂಪಾಯಿ ತನಕ ಇತ್ತು, 2019ರ ತಿದ್ದುಪಡಿಯಲ್ಲಿ 500 ಆಯಿತು. ಗತ್ತಿಗೆ ಅದೇನು ದೊಡ್ಡ ಬೆಲೆಯಲ್ಲ ಬಿಡಿ.

ನನ್ನ ಫಿಲ್ಮ್ ನಾನೇ ಕಿತ್ತೆ. ಬಿಸಿಲಿಗೆ ನಿಲ್ಲಿಸಿ, ಸೋಪಿನ ನೀರು ಹಾಕಿ, ಬ್ಲೇಡ್ ಹಿಡಿದು ಅರ್ಧ ದಿನ. ಅಂಟು ಇನ್ನೂ ಅಲ್ಲಲ್ಲಿ ಉಳಿದಿದೆ. ಈಗ ಕಟ್ಟೆ ಮೇಲಿನವರು ಎದ್ದು ನಿಲ್ಲಲ್ಲ, "ಏ, ಇಂವಾ ಅದಾನ ಬಿಡೋ" ಅಂತಾರೆ. ಕಾಕಾ ಮಾತ್ರ ಚಕ್ಕಡಿ ಮೇಲಿಂದ ಕೈ ಎತ್ತುತ್ತಾರೆ.

ನಿಮ್ಮ ಊರ ಕಡೆ ಪೊಲೀಸರ ಕೈಯಲ್ಲಿ ಆ ಮೀಟರ್ ಯಾರಾದರೂ ನೋಡಿದ್ದೀರಾ? ನೋಡಿದ್ದರೆ ತಿಳಿಸಿ.