ಎಳೆಯ ಮಕ್ಕಳಿಗೆ ಮನೆಯಲ್ಲಿ ಮಾಡಿದ ಕಾಣಿಕೆ

ಕ್ರಿಸ್ಮಸ್ ಹಬ್ಬವು ಸಮೀಪಿಸುತ್ತಲೇ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಕಾಣಿಕೆಗಳ ವಿಚಾರವು ಏಳುವದು. ಅಂಗಡಿಯಿಂದ ಕೊಂಡು ತಂದದ್ದಕ್ಕಿಂತ ಮನೆಯಲ್ಲಿ ಮಾಡಿದ್ದೇ ಮೇಲೆಂದು ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿತು ಹೋದ ಸಹೋದರಿಯರಿಗೆ ಹೇಳಬೇಕಾದ ಅಗತ್ಯವಿಲ್ಲ. ಆದರೆ ಮನೆಯಲ್ಲಿ ಮಾಡಿದ್ದೆಲ್ಲವೂ ಮಗುವಿಗಾಗಿಯೇ ಮಾಡಿದ್ದೋ ಎಂಬದು ವಿಚಾರಿಸತಕ್ಕ ಸಂಗತಿ.

ರೇಷ್ಮೆಯ ನೂಲಿನಿಂದ ಕಸೂತಿ ಹಾಕಿ, ಜರಿಯಂಚಿನ ಲಂಗವನ್ನುಡಿಸಿದ ಬೊಂಬೆಯು ಎಷ್ಟೋ ಮನೆಗಳಲ್ಲಿ ಗಾಜಿನ ಕಪಾಟಿನೊಳಗೆ ಕುಳಿತಿದೆ. ಬಂದವರೆಲ್ಲರೂ ಅದನ್ನು ನೋಡಿ ಹೊಗಳುವರು. ಅದರ ಒಡತಿಯಾದ ಮೂರು ವರ್ಷದ ಮಗುವೋ, “ಮುಟ್ಟಬೇಡ, ಕೊಳೆಯಾದೀತು” ಎಂಬ ಮಾತನ್ನು ಕೇಳುತ್ತಾ ಹೊರಗೆ ನಿಂತಿರುವದು. ಅಂಥಾ ಬೊಂಬೆಯು ದೊಡ್ಡವರು ದೊಡ್ಡವರಿಗೆ ಕೊಟ್ಟ ಕಾಣಿಕೆಯಲ್ಲದೆ ಮತ್ತೇನು? ಗುಂಡಿಯನ್ನೊತ್ತಿದೊಡನೆ ತಾನೇ ಓಡಿ ತಾನೇ ಹಾಡುವ ಅಂಗಡಿಯ ಮೋಟಾರಿಗೂ ಇದಕ್ಕೂ ಹೆಚ್ಚಿನ ಭೇದ ಕಾಣೆನು. ಎರಡರ ಮುಂದೆಯೂ ಮಗುವಿಗೆ ನೋಡುವ ಕೆಲಸವೊಂದೇ.

ಕಿಂಡರ್‌ಗಾರ್ಟನ್ ಪದ್ಧತಿಯ ಜನಕನಾದ ಜರ್ಮನಿಯ ಫ್ರೋಬೆಲ್ (1782–1852) ಮಹಾಶಯನು ಒಂದು ವರ್ಷ ತುಂಬುವದರೊಳಗೇ ತಾಯಿಯನ್ನು ಕಳಕೊಂಡವನು. ಅವನು ಶಿಶುಗಳಿಗಾಗಿ ಏರ್ಪಡಿಸಿದ ಆಟದ ಸಾಮಾನುಗಳಿಗೆ “ಕಾಣಿಕೆಗಳು” ಎಂದೇ ಹೆಸರಿಟ್ಟನು. ಮೊದಲನೆಯ ಕಾಣಿಕೆ ಏನು? ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ, ನೇರಳೆ ಬಣ್ಣಗಳ ಆರು ಉಣ್ಣೆಯ ಚೆಂಡುಗಳು. ಮೂರನೆಯದು ಎಂಟು ಚಿಕ್ಕ ತುಂಡುಗಳಾಗಿ ಬಿಡಿಸಿ ಪುನಃ ಜೋಡಿಸಬಹುದಾದ ಒಂದು ಚೌಕ ಮರದ ಗಟ್ಟಿ. ಇವುಗಳಲ್ಲಿ ಬೆರಗುಗೊಳಿಸುವಂಥಾದ್ದು ಏನೂ ಇಲ್ಲ. ಉರುಳಿಸುವದು, ಕೆಡಹುವದು, ಕಟ್ಟುವದು, ಇವೆಲ್ಲ ಮಗುವಿನ ಪಾಲಿಗೇ ಉಳಿದಿವೆ.

ಕಾಣಿಕೆಯು ಮಗುವಿನ ವಯಸ್ಸಿಗೂ ಸರಿಬರಬೇಕು. ಸತ್ಯವೇದದಲ್ಲಿ ಹನ್ನಳು ದೇವಾಲಯದಲ್ಲಿ ಬಿಟ್ಟಿದ್ದ ತನ್ನ ಮಗನಾದ ಸಮುವೇಲನಿಗೆ ಚಿಕ್ಕ ನಿಲುವಂಗಿಯನ್ನು ಮಾಡಿ ವರುಷವರುಷವೂ ಒಯ್ದು ಕೊಡುತ್ತಿದ್ದಳಷ್ಟೆ. ಅಗಲಿದ್ದ ಮಗನು ಎಷ್ಟು ಬೆಳೆದಿರಬಹುದೆಂದು ಪ್ರತಿ ಸಾರಿಯೂ ಮನಸ್ಸಿನಲ್ಲೇ ಅಳೆದು ಹೊಲಿದಿರಬೇಕು!

ವರ್ಷ ತುಂಬದ ಕೂಸಿಗೆ ಹಳೆಯ ಸೀರೆಯ ಚಿಂದಿಗಳನ್ನು ಬಿಗಿಯಾಗಿ ಸುತ್ತಿ, ಮೇಲೆ ನೂಲಿನ ಹೊದಿಕೆಯನ್ನು ಹೆಣೆದ ಚೆಂಡು ಸಾಕು. ಬೊಂಬೆ ಮಾಡುವವರು ಕಣ್ಣುಗಳಿಗೆ ಗುಂಡಿಗಳನ್ನು ಹೊಲಿಯದೆ ದಾರದಿಂದಲೇ ಕಣ್ಣು ಬರೆಯಲಿ. ಕಿತ್ತ ಗುಂಡಿಯು ಬಾಯಿಗೆ ಹೋಗಲು ನಿಮಿಷವೂ ಬೇಡ. ಉಡುಪನ್ನು ಬಿಚ್ಚಿ ತೊಡಿಸುವಂತಿದ್ದರೆ ಮಗುವಿಗೆ ಅದೇ ದಿನವೆಲ್ಲಾ ಕೆಲಸ. ಗಿಲಿಕೆಯೊಳಗೆ ಅಂದವಾಗಿದೆಯೆಂದು ಗುಲಗಂಜಿಯನ್ನಾಗಲಿ ಹರಳಿನ ಬೀಜವನ್ನಾಗಲಿ ಎಂದಿಗೂ ತುಂಬಬಾರದು. ಅಗಿದು ನುಂಗಿದರೆ ಎರಡೂ ಪ್ರಾಣಕ್ಕೆ ಅಪಾಯಕರವಾದ ವಿಷ. ಬಾಗಿಲಿಗೆ ಹಚ್ಚಿ ಮಿಕ್ಕ ಬಣ್ಣವನ್ನೂ ಆಟಿಕೆಗೆ ಬಳಿಯಬೇಡಿರಿ. ಗಿಲಿಕೆಯೇ ಬೇಕಾದರೆ ಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಗಿಲಿಕೆಯನ್ನು ಕೊಂಡುಕೊಳ್ಳಬಹುದು. ಕೊಳ್ಳಲೇಬಾರದೆಂಬ ಹಟ ನನಗಿಲ್ಲ.

ಎರಡು ಮೂರು ವರ್ಷದ ಮಕ್ಕಳಿಗೆ ನನಗೆ ಎಲ್ಲಕ್ಕಿಂತಲೂ ಮೆಚ್ಚಿಗೆಯಾದದ್ದು ಬಟ್ಟೆಯ ಪುಸ್ತಕ. ಹಳೆಯ ದುಪ್ಪಟಿಯಿಂದ ನಾಲ್ಕೈದು ಹಾಳೆಗಳನ್ನು ಕತ್ತರಿಸಿ, ಅಂಚು ಮಡಿಚಿ, ನಡುವೆ ಹೊಲಿಯಿರಿ. ಒಂದೊಂದು ಹಾಳೆಯ ಮೇಲೂ ಬಣ್ಣದ ಚೂರುಗಳಿಂದ ಒಂದೊಂದು ಚಿತ್ರವನ್ನು ಕೂಡಿಸಿರಿ: ಮನೆಯ ಬೆಕ್ಕು, ಅಜ್ಜಿಯ ಕೊಡೆ, ಬಾವಿಯ ರಾಟೆ, ದೇವಾಲಯದ ಗಂಟೆ. ಆ ಅಜ್ಜಿಯ ಕೊಡೆಯನ್ನು ಯಾವ ಅಚ್ಚುಕೂಟದವರು ಮುದ್ರಿಸಿ ಕೊಡಬಲ್ಲರು? ಮಗುವು ಅದನ್ನು ಜಗಿಯಲಿ, ಕೆಸರಲ್ಲಿ ಎಳೆಯಲಿ. ಒಗೆದು ಒಣಗಿಸಿದರೆ ತೀರಿತು. ಮುಂದಿನ ವರುಷ ಇನ್ನೆರಡು ಹಾಳೆಗಳನ್ನು ಸೇರಿಸಬಹುದು.

ಪಾಲಕರಲ್ಲಿ ನನ್ನ ವಿಜ್ಞಾಪನೆ ಇನ್ನೊಂದುಂಟು. ಹುಟ್ಟುಹಬ್ಬದ ಕೂಟಗಳಲ್ಲಿ ಎಲ್ಲರೆದುರಿಗೆ ಕಟ್ಟುಗಳನ್ನು ಬಿಚ್ಚಿ, ಯಾರು ಏನು ತಂದರೆಂದು ಎತ್ತಿ ತೋರಿಸುವ ಪದ್ಧತಿಯು ನಿಂತುಹೋಗಲಿ. ಬೆಲೆಯುಳ್ಳ ಪೆಟ್ಟಿಗೆಗಳ ನಡುವೆ ತನ್ನ ಚಿಂದಿಯ ಚೆಂಡು ಹೊರಬರುವಾಗ ಬಡ ತಾಯಿಯೊಬ್ಬಳು ತಲೆತಗ್ಗಿಸುವದೂ, ಮುಂದಿನ ಸಾರಿ ಸಾಲಮಾಡಿ ಕೊಳ್ಳುವದೂ ಇದರಿಂದಲೇ. ಕೆಲವರು ಮಗುವನ್ನು ಕಳುಹಿಸುವದನ್ನೇ ಬಿಟ್ಟುಬಿಡುವರು. ಅತಿಥಿಗಳೆಲ್ಲರೂ ಹೋದ ಮೇಲೆ ಕಟ್ಟುಗಳನ್ನು ಬಿಚ್ಚಿದರೆ ಮಗುವಿಗೇನು ನಷ್ಟ? ಅಷ್ಟಕ್ಕೂ, ಅಡಿಕೆಯ ತೋಟಗಳಿರುವ ನಮ್ಮ ಸೀಮೆಯಲ್ಲಿ ಉದುರಿದ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಅಣ್ಣನು ಸೋಗೆಯನ್ನು ಹಿಡಿದು ಅಂಗಳದ ಸುತ್ತ ಎಳೆಯುವದನ್ನು ನೋಡದವರಾರು? ಅದಕ್ಕೆ ಕಾಸಿನ ಖರ್ಚಿಲ್ಲ. ಒಂದು ಹಾಳೆ ಸವೆದು ಹರಿಯುವಷ್ಟರಲ್ಲಿ ತೋಟದಲ್ಲಿ ಮತ್ತೊಂದು ಬಿದ್ದಿರುವದು.